ಪೂಜೆಯ ಬಟ್ಟೆಯ ಮೇಲೆ ನೇರಳೆ ಕಲೆ

ಅದು ನೇರಳೆಯೇ, ಚೌರಪ್ಪ ಸ್ವಾಮಿ. ನೀವು ಕಂಡದ್ದು ಸರಿ. ಇಪ್ಪತ್ತೆರಡು ವರ್ಷಗಳ ಹಿಂದೆ, ಪೀಠದ ಹಿಂದಿನ ಕೋಣೆಯಲ್ಲಿ ನೀವು ಎತ್ತಿ ಹಿಡಿದ ಬಿಳಿ ಬಟ್ಟೆಯ ಮೇಲಿದ್ದದ್ದು ದ್ರಾಕ್ಷಾರಸದ ಕಲೆಯಲ್ಲ, ನೇರಳೆ ಹಣ್ಣಿನ ರಸದ ಕಲೆ. ಅದನ್ನು ಪೂಜೆಗೆ ತುಂಬಿಟ್ಟವನು ನಾನು. ಸುವಾರ್ತೆಯ ಪುಸ್ತಕದ ಮೇಲೆ ಕೈಯಿಟ್ಟು ಅದು ದ್ರಾಕ್ಷಿಯೇ ಎಂದು ಆಣೆ ಮಾಡಿದವನೂ ನಾನೇ. ನಿಮ್ಮ ಕಣ್ಣು ಸುಳ್ಳಾಡಲಿಲ್ಲ. ನನ್ನ ನಾಲಿಗೆ ಆಡಿತು.

ನೋಡಿ, ಇಷ್ಟೇ. ಐದಾರು ಸಾಲು. ಇಷ್ಟನ್ನು ಹೇಳಲು ಇಷ್ಟು ವರ್ಷ ಬೇಕಾಯಿತು — ಮೂವತ್ತೈದು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವನಿಗೆ, ಪ್ರಬಂಧ ಉದ್ದವಾಯಿತು ಎಂದು ಮಕ್ಕಳ ಕಿವಿ ಹಿಂಡಿದವನಿಗೆ.

ಇದನ್ನು ನಿಮಗೆ ಬರೆಯುತ್ತಿದ್ದೇನೆ. ಆದರೆ ನಿಮ್ಮೊಬ್ಬರಿಗೇ ಗುಟ್ಟಾಗಿ ಹೇಳಿ ಕೈ ತೊಳೆದುಕೊಂಡರೆ ಅದೂ ಒಂದು ಕಳ್ಳತನವೇ. ಸುಳ್ಳು ಹೇಳಿದ್ದು ಎಲ್ಲರ ಮುಂದೆ. ಹಾಗಾಗಿ ಬೇರೆಯವರೂ ಓದಲಿ. ಅವರಿಗಾಗಿ, ನಿಮಗೆ ಗೊತ್ತಿರುವುದನ್ನೂ ಸ್ವಲ್ಪ ಹೇಳಬೇಕಾಗುತ್ತದೆ. ಬೇಸರ ಮಾಡಿಕೊಳ್ಳಬೇಡಿ.

ನಮ್ಮದು ದೇವನಹಳ್ಳಿಗೂ ದೊಡ್ಡಬಳ್ಳಾಪುರಕ್ಕೂ ನಡುವೆ, ಮುಖ್ಯ ರಸ್ತೆಯಿಂದ ಒಳಕ್ಕೆ ಇರುವ ಊರು. ಸುತ್ತ ದ್ರಾಕ್ಷಿ ಚಪ್ಪರ, ಈಗ ಅರ್ಧಕ್ಕರ್ಧ ಲೇಔಟು ಕಲ್ಲು. ಕ್ರೈಸ್ತರ ಮನೆಗಳು ಎಪ್ಪತ್ತೋ ಎಂಬತ್ತೋ. ಆರೋಗ್ಯಪ್ಪ ಸ್ವಾಮಿಗಳು ಇಲ್ಲಿಗೆ ಬಂದಾಗ ನನಗೆ ಮದುವೆಯಾಗಿ ನಾಲ್ಕು ವರ್ಷ. ಅವರು ಗುರುಪಟ್ಟ ಪಡೆದದ್ದು ಲತೀನಿನಲ್ಲಿ ಪೂಜೆ ಮಾಡುವ ಕಾಲದಲ್ಲಿ. ಆಮೇಲೆ ಪೂಜೆ ಕನ್ನಡಕ್ಕೆ ಬಂತು, ಪೀಠ ಜನರ ಕಡೆ ತಿರುಗಿತು, ಗಿಟಾರು ಬಂತು. ಎಲ್ಲ ಗುರುಗಳೂ ಒಗ್ಗಿಕೊಂಡರು, ಇವರು ಒಗ್ಗಲಿಲ್ಲ. ಬಹಳ ವರ್ಷ ಬಾಗಿಲು ಹಾಕಿಕೊಂಡು ಒಬ್ಬರೇ ಹಳೆಯ ಪೂಜೆ ಮಾಡುತ್ತಿದ್ದರಂತೆ. ಕೊನೆಗೆ ಬಿಷಪ್ಪರಿಗೆ ಒಂದು ಪತ್ರ ಬರೆದಿಟ್ಟು, ಟ್ರಂಕು ಎತ್ತಿಕೊಂಡು ಹೊರಟು ಬಂದರು. ಒಬ್ಬ ಭಕ್ತರು ತೋಟದ ಹಂಚಿನ ಮನೆಯನ್ನು ಬಿಟ್ಟುಕೊಟ್ಟರು. ಅವರ ಜೊತೆಗೆ ಅಂತೋಣಿ ಸ್ವಾಮಿಗಳು ಸೇರಿಕೊಂಡರು. ಅದೇ ಗುರುಕೂಟ. ಊರಿನವರ ಬಾಯಲ್ಲಿ ಮಾತ್ರ ಅದು ಯಾವತ್ತೂ 'ಲತೀನ್ ಸ್ವಾಮಿಗಳ ಮನೆ'.

ನಾನು ಯಾಕೆ ಅಲ್ಲಿಗೆ ಹೋದೆ? ಕನ್ನಡ ಮೇಷ್ಟ್ರಿಗೆ ಲತೀನಿನ ಹುಚ್ಚು ಯಾಕೆ ಎಂದು ಶಾಲೆಯಲ್ಲಿ ರೇಗಿಸುತ್ತಿದ್ದರು. ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ಮಂಡಿಯೂರಿ ಕೇಳಿದ್ದ ಪೂಜೆ ಅದು. ಒಂದು ಮಾತೂ ಅರ್ಥವಾಗುತ್ತಿರಲಿಲ್ಲ, ಆದರೂ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಅದು ಮತ್ತೆ ಸಿಕ್ಕಿತೆಂದು ಹೋದೆ. ಗುರುಗಳ ಲತೀನಿಗೆ ಜನರ ಪರವಾಗಿ ಉತ್ತರ ಹೇಳುವವನೊಬ್ಬ ಬೇಕು. ಉತ್ತರಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಒಂದು ನೋಟ್‌ಬುಕ್ಕಿಗೆ ಬರೆದುಕೊಂಡು ಬಾಯಿಪಾಠ ಮಾಡಿದೆ. ಮೇಣದ ಬತ್ತಿ, ಪೂಜಾವಸ್ತ್ರ, ಬೀಗದ ಕೈ ಎಲ್ಲ ನನ್ನ ಪಾಲಿಗೆ ಬಂದವು. ದ್ರಾಕ್ಷಾರಸವೂ.

ಆ ದ್ರಾಕ್ಷಾರಸದ ಬಗ್ಗೆ ಹೇಳಲೇಬೇಕು, ಎಲ್ಲ ಹಾಳಾದದ್ದು ಅಲ್ಲೇ. ಬಿಷಪ್ಪರ ಕಡೆಯಿಂದ ನಮಗೆ ಸಿಗುವ ಹಾಗಿರಲಿಲ್ಲ. ಅಂಗಡಿಯದ್ದರಲ್ಲಿ ಏನೇನು ಬೆರೆಸಿರುತ್ತಾರೋ ಎಂದು ದೊಡ್ಡ ಸ್ವಾಮಿಗಳು — ಆರೋಗ್ಯಪ್ಪ ಸ್ವಾಮಿಗಳನ್ನು ನಾವೆಲ್ಲ ಹಾಗೇ ಕರೆಯುತ್ತಿದ್ದೆವು — ಮುಟ್ಟುತ್ತಿರಲಿಲ್ಲ. ನಿಯಮ ಕಟ್ಟುನಿಟ್ಟು: ಪಾತ್ರೆಯಲ್ಲಿರುವುದು ದ್ರಾಕ್ಷಿಯಿಂದಲೇ ಆಗಿರಬೇಕು, ಕೆಟ್ಟು ಹುಳಿಯಾಗಿರಬಾರದು. ಬೇರೆ ಹಣ್ಣಿನದಾದರೆ ಪೂಜೆ ಪೂಜೆಯೇ ಅಲ್ಲ. ಗುರುಗಳು ಎಷ್ಟೇ ಭಕ್ತಿಯಿಂದ ಮಂತ್ರ ಹೇಳಲಿ, ಆ ರಸ ಕ್ರಿಸ್ತನ ರಕ್ತವಾಗುವುದಿಲ್ಲ, ಅಲ್ಲಿ ಏನೂ ನಡೆಯುವುದಿಲ್ಲ. ಇದು ಎಲ್ಲ ಕಡೆಯೂ ಇರುವ ನಿಯಮವೇ. ಆದರೆ ಉಳಿದವರ ಪೂಜೆ ಸಂಶಯ, ನಮ್ಮದೊಂದೇ ಖಚಿತ ಎಂದು ಹೇಳಿಕೊಂಡು ಹೊರಬಂದವರು ನಾವು. ನಮ್ಮ ಕೂಟ ನಿಂತದ್ದೇ ಆ ಒಂದು ಮಾತಿನ ಮೇಲೆ. ಆದ್ದರಿಂದ ಪಕ್ಕದ ಚಪ್ಪರದ ಹಣ್ಣು ತಂದು ನಾನೇ ಹಿಂಡಿ, ಜಾಡಿಯಲ್ಲಿ ಹುಳಿಸಿ, ಸೋಸಿ ದ್ರಾಕ್ಷಾರಸ ಮಾಡುತ್ತಿದ್ದೆ. ಚೆನ್ನಾಗಿ ಮಾಡುತ್ತಿದ್ದೆ. "ಇನ್ನಾಸಪ್ಪನ ಕೈಯ ರಸ" ಎಂದು ದೊಡ್ಡ ಸ್ವಾಮಿಗಳು ಬಂದವರಿಗೆಲ್ಲ ಹೇಳುವಾಗ ಗೋಡೆಗೆ ಒರಗಿಕೊಂಡು, ಏನೂ ಕೇಳಿಸದವನಂತೆ ನಿಂತಿರುತ್ತಿದ್ದೆ. ಕೇಳಿಸುತ್ತಿತ್ತು. ಇನ್ನೊಮ್ಮೆ ಹೇಳಲಿ ಅನ್ನಿಸುತ್ತಿತ್ತು.

ನೀವು ಬಂದದ್ದು ಆಮೇಲೆ. ಹೊಸಕೋಟೆ ಕಡೆಯ ರೈತರ ಮನೆಯವರು, ಹೊಸದಾಗಿ ಗುರುಪಟ್ಟವಾದವರು, ವಯಸ್ಸು ಇಪ್ಪತ್ತೆಂಟು. ಹಳೆಯ ಪೂಜೆಯನ್ನು ಕಣ್ಣಲ್ಲಿ ಕಂಡಿರದೆ, ಪುಸ್ತಕದಲ್ಲಿ ಓದಿ ಪ್ರೀತಿಸಿದವರು. ಬಂದ ವಾರದಲ್ಲೇ ನನ್ನ ನೋಟ್‌ಬುಕ್ಕು ನೋಡಿ ನಕ್ಕಿರಿ — ಲತೀನಿಗೂ ಒತ್ತಕ್ಷರ ಹಾಕಿಬಿಟ್ಟಿದ್ದೀರಲ್ಲ ಮೇಷ್ಟ್ರೇ ಎಂದು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಿಮ್ಮನ್ನು ಕಂಡರೆ ನನಗೆ ಇಷ್ಟವಿತ್ತು ಸ್ವಾಮಿ. ಅದನ್ನೂ ಹೇಳಿಬಿಡುತ್ತೇನೆ. ಇಷ್ಟವಿಲ್ಲದವರಿಗೆ ಮಾಡಿದ ದ್ರೋಹವಾಗಿದ್ದರೆ ಇಷ್ಟು ಕೊರೆಯುತ್ತಿರಲಿಲ್ಲವೇನೋ.

ಆ ವರ್ಷ ಲೂರ್ದಮ್ಮನ ಮಗ ಜೋಸೆಫ್ ತೀರಿಕೊಂಡ. ಒಬ್ಬನೇ ಮಗ, ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವನು. ನೀವು ಸಾಯುವವರಿಗೆ ಹಚ್ಚುವ ಅಭ್ಯಂಗದ ಎಣ್ಣೆ ಹಿಡಿದು ಆಸ್ಪತ್ರೆಗೆ ಓಡುವಷ್ಟರಲ್ಲಿ ಮುಗಿದುಹೋಗಿತ್ತು. ಕೊನೆಯ ಸಂಸ್ಕಾರವಿಲ್ಲದೆ ಹೋದ ಎನ್ನುವುದೇ ಆ ತಾಯಿಗೆ ಸಾವಿಗಿಂತ ದೊಡ್ಡ ಸಂಕಟವಾಯಿತು. ಆಗ ದೊಡ್ಡ ಸ್ವಾಮಿಗಳು ಹಳೆಯ ವಾಡಿಕೆಯೊಂದನ್ನು ಹೇಳಿದರು — ಸತ್ತವರ ಆತ್ಮಕ್ಕಾಗಿ ಮೂವತ್ತು ದಿನ, ಒಂದು ದಿನವೂ ತಪ್ಪದೆ, ಮೂವತ್ತು ಪೂಜೆ. ನಡುವೆ ಒಂದು ತಪ್ಪಿದರೂ ಮೊದಲಿನಿಂದ ಶುರು. ಅದು ಪೂರ್ತಿಯಾದರೆ ಶುದ್ಧೀಕರಣ ಸ್ಥಳದಲ್ಲಿ ಬೇಯುವ ಆತ್ಮಕ್ಕೆ ಬಿಡುಗಡೆ ಎಂಬ ನಂಬಿಕೆ. ಆ ಮೂವತ್ತನ್ನು ಮಾಡಲು ನೀವು ಒಪ್ಪಿಕೊಂಡಿರಿ. ಲೂರ್ದಮ್ಮ ದಿನಾ ಬೆಳಿಗ್ಗೆ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಮನೆಗೆ ಹೋಗಿ ಕ್ಯಾಲೆಂಡರಿನಲ್ಲಿ ಆ ದಿನದ ಅಂಕಿಯ ಮೇಲೆ ಪೆನ್ಸಿಲ್ಲಿನಿಂದ ಪುಟ್ಟ ಶಿಲುಬೆ ಹಾಕುತ್ತಿದ್ದಳು.

ಒಂಬತ್ತನೆಯ ದಿನ ಪೂಜೆಯಾದ ಮೇಲೆ ಹೊಸ ಜಾಡಿಯ ಬಾಯಿ ಬಿಚ್ಚಿದೆ. ಹುಳಿ ಮೂಗಿಗೆ ಬಡಿಯಿತು. ಮುಚ್ಚಳದ ಬಟ್ಟೆ ಸಡಿಲವಾಗಿತ್ತು — ನಾನೇ ಕಟ್ಟಿದ್ದು, ಅವಸರದಲ್ಲಿ — ನೊಣ ಹೊಕ್ಕು ಇಡೀ ಜಾಡಿ ವಿನೆಗರ್ ಆಗಿತ್ತು. ಹಳೆಯ ಜಾಡಿಯಲ್ಲಿ ತಳದ ಗಸಿ ಬಿಟ್ಟರೆ ಏನೂ ಉಳಿದಿರಲಿಲ್ಲ. ಚಪ್ಪರದಲ್ಲಿ ಹಣ್ಣಿರಲಿಲ್ಲ, ಆಗ ತಾನೇ ಕಡ್ಡಿ ಸವರಿದ್ದರು.

ಹೋಗಿ ಹೇಳಬಹುದಿತ್ತು. ದೊಡ್ಡ ಸ್ವಾಮಿಗಳು ಬೈಯುತ್ತಿದ್ದರು. ಎಲ್ಲಿಂದಲೋ ಒಂದು ಬಾಟಲು ತರಿಸುತ್ತಿದ್ದರು, ತರಿಸಲಾಗದಿದ್ದರೆ ಎಣಿಕೆ ಮೊದಲಿನಿಂದ ಶುರುವಾಗುತ್ತಿತ್ತು. ಲೂರ್ದಮ್ಮ ಅಳುತ್ತಿದ್ದಳು, ಆಮೇಲೆ ಸುಧಾರಿಸಿಕೊಳ್ಳುತ್ತಿದ್ದಳು. ಇಷ್ಟೇ ಆಗುತ್ತಿದ್ದದ್ದು. ಅವಳ ಮುಖ ನೋಡಲಾರದೆ ಸುಮ್ಮನಾದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. "ಇನ್ನಾಸಪ್ಪನ ಕೈಯ ರಸ" ಕೆಟ್ಟಿತು ಎಂದು ನನ್ನ ಬಾಯಿಂದ ಹೇಳಲಾರದೆ ಸುಮ್ಮನಾದೆ.

ನನ್ನ ಹೆಂಡತಿ ಫಿಲೋಮಿನ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಪ್ರತಿ ವರ್ಷ ನೇರಳೆ ಹಣ್ಣಿನ ರಸ ಹುಳಿಸಿ ಜಾಡಿಯಲ್ಲಿ ಇಡುತ್ತಿದ್ದಳು. ಬಣ್ಣ ಅದೇ. ಸ್ವಲ್ಪ ಬೆಲ್ಲ ಸೇರಿಸಿದರೆ ರುಚಿಯೂ ಹೆಚ್ಚುಕಡಿಮೆ ಅದೇ, ಒಗರೊಂದು ಬಿಟ್ಟರೆ. ಒಂದು ಬಾಟಲಿಗೆ ತುಂಬಿಕೊಂಡು, ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಈ ವಾರ ಮಾತ್ರ ಅಂದುಕೊಂಡೆ. ದೊಡ್ಡ ಸ್ವಾಮಿಗಳು ನಶ್ಯ ಏರಿಸಿ ಏರಿಸಿ ಮೂಗು ನಾಲಿಗೆ ಎರಡನ್ನೂ ಕಳೆದುಕೊಂಡಿದ್ದರು. ಅಂತೋಣಿ ಸ್ವಾಮಿಗಳು ಕೊಟ್ಟದ್ದನ್ನು ತೆಗೆದುಕೊಳ್ಳುವ ಸಾಧು. ನೀವು ಮಾತ್ರ ಹತ್ತನೆಯ ದಿನ ಪೂಜೆ ಮುಗಿಸಿ ಬಂದು ತುಟಿ ಸವರಿಕೊಂಡಿರಿ.

"ಯಾಕೋ ಒಗರು ಒಗರಾಗಿದೆ ಮೇಷ್ಟ್ರೇ."

"ಹೊಸ ಜಾಡಿ ಸ್ವಾಮಿ, ಹಂಗೇ ಇರುತ್ತೆ."

ಮನೆಯಲ್ಲಿ ಇನ್ನೊಂದು ತಮಾಷೆ. ಜಾಡಿ ಇಳಿಯುತ್ತಿರುವುದನ್ನು ಫಿಲೋಮಿನ ಕಂಡುಬಿಟ್ಟಳು. "ರೀ, ನನ್ ಜಾಡಿ ಯಾಕ್ರೀ ಅರ್ಧ ಆಗಿದೆ?" ಅಂದಳು. ನಾನೇ ಕುಡಿದೆ ಅಂದೆ. ಜನ್ಮದಲ್ಲಿ ಒಂದು ಹನಿ ಮುಟ್ಟದವನು ಕುಡುಕನೆಂದು ಒಪ್ಪಿಕೊಂಡೆ. ಅವಳು ಸಾಯುವವರೆಗೂ ನನ್ನ ಬಾಯಿ ವಾಸನೆ ನೋಡುತ್ತಿದ್ದಳು, ಪಾಪ. ಅವಳಿಗೂ ಹೇಳಲಿಲ್ಲ.

ಏಳು ದಿನ ಹೀಗೆ ನಡೆಯಿತು. ಹದಿನೇಳನೆಯ ದಿನ — ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪೂಜಾಪಾತ್ರೆಯನ್ನು ಒರೆಸುವ ಬಿಳಿ ಬಟ್ಟೆಯನ್ನು ನಮ್ಮಂಥವರು ಒಗೆಯುವ ಹಾಗಿಲ್ಲ. ಹಳೆಯ ಪದ್ಧತಿಯಲ್ಲಿ ಮೊದಲ ಸಲ ಗುರುಗಳೇ ತಮ್ಮ ಕೈಯಲ್ಲಿ ಜಾಲಿಸಿ, ಆ ನೀರನ್ನು ಯಾರೂ ತುಳಿಯದ ಮಣ್ಣಿಗೆ ಸುರಿಯಬೇಕು. ಬೇರೆ ಕಡೆ ಇದನ್ನೆಲ್ಲ ಯಾರು ನೋಡುತ್ತಾರೆ? ನಮ್ಮಲ್ಲಿ ನೋಡುತ್ತಿದ್ದರು. ವಾರಕ್ಕೊಮ್ಮೆ ಕಿರಿಯ ಗುರುಗಳು, ಅಂದರೆ ನೀವು, ತೋಳು ಮಡಿಸಿ ಕೂತು ಒಗೆಯುತ್ತಿದ್ದಿರಿ. ಎಲ್ಲವನ್ನೂ ಯೋಚಿಸಿದ್ದ ನಾನು ಅದನ್ನು ಯೋಚಿಸಿರಲಿಲ್ಲ. ದ್ರಾಕ್ಷಿಯ ಕಲೆ ನೀರಿಗೆ ಬಿದ್ದರೆ ಕರಗುತ್ತಿತ್ತು. ಇದು ಕರಗಲಿಲ್ಲ. ಮನೆಯ ಹಿಂದೆ ನೇರಳೆ ಮರ ಇಟ್ಟುಕೊಂಡು ಬೆಳೆದ ರೈತರ ಮಗನಿಗೆ ಆ ಕಲೆ ಯಾವುದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ನೀವು ನನ್ನನ್ನು ಎಲ್ಲರ ಮುಂದೆ ಹಿಡಿಯಲಿಲ್ಲ. ಮೊದಲು ನನ್ನ ಹತ್ತಿರವೇ ಬಂದಿರಿ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಒದ್ದೆ ಬಟ್ಟೆ ಹಿಡಿದು, ದನಿ ತಗ್ಗಿಸಿ ಕೇಳಿದಿರಿ: "ಮೇಷ್ಟ್ರೇ, ಇದು ದ್ರಾಕ್ಷಿ ಕಲೆ ಅಲ್ಲ. ಚಿಕ್ಕೋನಾಗಿದ್ದಾಗ ಇಂಥಾ ಕಲೆಗೆ ಅಮ್ಮನ ಕೈಲಿ ಎಷ್ಟು ಏಟು ತಿಂದಿದ್ದೀನಿ ಗೊತ್ತಾ? ಏನಾಗಿದೆ ಹೇಳಿ. ಇಬ್ಬರೂ ಹೋಗಿ ದೊಡ್ಡ ಸ್ವಾಮಿಗಳಿಗೆ ಹೇಳೋಣ. ಬೈದ್ರೆ ಇಬ್ಬರಿಗೂ ಬೈತಾರೆ."

ಇಬ್ಬರಿಗೂ ಬೈತಾರೆ ಅಂದಿರಿ. ನಿಮ್ಮದೇನು ತಪ್ಪಿತ್ತು ಬೈಸಿಕೊಳ್ಳಲು? ಆ ಬಾಗಿಲು ತೆರೆದೇ ಇತ್ತು, ನಾನು ಒಂದು ಹೆಜ್ಜೆ — ಇಡಲಿಲ್ಲ. "ನಿಮ್ ಕಣ್ಣಿಗೇನೋ ಆಗಿದೆ ಸ್ವಾಮಿ" ಎಂದೆ.

ಆಮೇಲೆ ನೀವೇ ಹೋಗಿ ಹೇಳಿದಿರಿ, ಹೇಳದೆ ಇನ್ನೇನು ಮಾಡುತ್ತೀರಿ? ದೊಡ್ಡ ಸ್ವಾಮಿಗಳು ಎಲ್ಲರನ್ನೂ ಪೀಠದ ಹಿಂದಿನ ಕೋಣೆಗೆ ಕರೆದರು. ಪೂಜೆಗೆ ಬಂದಿದ್ದ ಏಳೆಂಟು ಜನ ಬಾಗಿಲ ಹತ್ತಿರ ನಿಂತಿದ್ದರು, ಲೂರ್ದಮ್ಮನೂ. ಸುವಾರ್ತೆಯ ಪುಸ್ತಕ ತೆರೆದಿಟ್ಟರು. ನಾನು ಕೈಯಿಟ್ಟೆ.

"ದ್ರಾಕ್ಷಿನೇ ಸ್ವಾಮಿ. ನನ್ ಕೈಯಾರೆ ಹಿಂಡಿದ್ದು."

ನೀವು ನನ್ನನ್ನೇ ನೋಡಿದಿರಿ. "ಇನ್ನೊಂದ್ಸಲ ಹೇಳಿ ಮೇಷ್ಟ್ರೇ" ಅಂದಿರಿ. ಹೆದರಿಸುವಂತೆ ಅಲ್ಲ, ಬೇಡಿಕೊಳ್ಳುವಂತೆ. ನಾನು ಇನ್ನೊಂದು ಸಲ ಹೇಳಿದೆ. ಎರಡನೆಯ ಸಲ ಸುಲಭವಾಗಿತ್ತು. ಅದೇ ನನಗೆ ಇವತ್ತಿಗೂ ಭಯ ಹುಟ್ಟಿಸುವುದು.

"ನಿನ್ನ ಕಣ್ಣಿಗಿಂತ ಆಣೆ ದೊಡ್ಡದು ಕಣಪ್ಪ" ಎಂದರು ದೊಡ್ಡ ಸ್ವಾಮಿಗಳು.

ನೀವು ಆ ರಸದಿಂದ ಇನ್ನು ಪೂಜೆ ಮಾಡುವುದಿಲ್ಲ ಎಂದಿರಿ. ಕೂಟದಲ್ಲಿ ವಿಧೇಯತೆಯಿಲ್ಲದವರಿಗೆ ಜಾಗವಿಲ್ಲ ಎಂದು ಅವರು ಹೇಳಿದರು — ಬಿಷಪ್ಪರ ಮಾತು ಮೀರಿ ಬಂದವರೇ ಹಾಗೆಂದರು. ಅದು ಯಾರಿಗೂ ಹೊಳೆಯಲಿಲ್ಲ. ಮೂರನೆಯ ದಿನ ನೀವು ಟ್ರಂಕು ಹಿಡಿದು ಹೊರಟಿರಿ. ಗೇಟಿನ ಹತ್ತಿರ ಲೂರ್ದಮ್ಮ ಅಡ್ಡ ನಿಂತಳು.

"ನನ್ ಮಗನ್ನ ಅರ್ಧ ದಾರೀಲಿ ಕೈಬಿಟ್ಯಲ್ಲೋ ಸ್ವಾಮಿ. ನಿನ್ ಕೈಗೆ ಇನ್ ಯಾವತ್ತೂ ಪೂಜೆ ಪಾತ್ರೆ ಸಿಗದಿರ್ಲಿ!"

ನೀವು ತಲೆ ತಗ್ಗಿಸಿ ಕೇಳಿಸಿಕೊಂಡಿರಿ. ನಾನು ಹತ್ತು ಮಾರು ದೂರದಲ್ಲಿ ಪೊರಕೆ ಹಿಡಿದು ನಿಂತಿದ್ದೆ. ನೆಲ ಗುಡಿಸಿದೆ ಸ್ವಾಮಿ. ಅವಳು ನಿಮ್ಮನ್ನು ಶಪಿಸುತ್ತಿದ್ದಾಗ ನಾನು ನೆಲ ಗುಡಿಸುತ್ತಿದ್ದೆ.

ಉಳಿದ ದಿನಗಳ ಪೂಜೆಯನ್ನು ದೊಡ್ಡ ಸ್ವಾಮಿಗಳೇ ಮಾಡಿ ಮೂವತ್ತನ್ನು ಮುಗಿಸಿದರು. ಮುಗಿಯುವವರೆಗೂ ನೇರಳೆಯೇ. ಆಮೇಲೆ ದೂರದ ಭಕ್ತರೊಬ್ಬರು ಎರಡು ಬಾಟಲು ಒಳ್ಳೆಯ ದ್ರಾಕ್ಷಾರಸ ತಂದುಕೊಟ್ಟರು, ಮುಂದಿನ ಬೆಳೆಗೆ ನನ್ನ ಜಾಡಿಯೂ ಸರಿಯಾಯಿತು. ನೀವು ಬಿಟ್ಟುಹೋದ ಬಟ್ಟೆಯೊಂದೇ ಉಳಿಯಿತು. ಪೂಜೆಯ ಬಟ್ಟೆಯನ್ನು ಎಸೆಯಬಾರದು, ಸುಡಬೇಕು. ಸುಡಲು ಎರಡು ಸಲ ಒಲೆಯ ಮುಂದೆ ಕೂತೆ. ಆಗಲಿಲ್ಲ. ತಗಡಿನ ಪೆಟ್ಟಿಗೆಯಲ್ಲಿ, ನನ್ನ ಜ್ಞಾನಸ್ನಾನದ ಸರ್ಟಿಫಿಕೇಟಿನ ಕೆಳಗೆ ಇಟ್ಟೆ.

ಪಾಪನಿವೇದನೆ ಮಾಡಲಿಲ್ಲವೇ ಎಂದು ಕೇಳುತ್ತೀರಿ. ಮಾಡಿದೆ. ಕೂಟದಲ್ಲಿ ಮಾಡುವ ಧೈರ್ಯವಿರಲಿಲ್ಲ. ಬೆಂಗಳೂರಿಗೆ ಬಸ್ಸು ಹತ್ತಿ, ನನ್ನನ್ನು ಯಾರೂ ಅರಿಯದ ಒಂದು ದೊಡ್ಡ ಚರ್ಚಿಗೆ ಹೋಗಿ, ಸಾಲಿನಲ್ಲಿ ನಿಂತು ಹೇಳಿದೆ. ಜಾಲರಿಯ ಆಚೆ ಯಾರೋ ವಯಸ್ಸಾದ ಗುರು. ಪೂರ್ತಿ ಕೇಳಿದರು. "ದೇವರು ಕ್ಷಮಿಸ್ತಾನೆ. ಆದ್ರೆ ಆ ಮನುಷ್ಯನ ಒಳ್ಳೆ ಹೆಸರು ಕಿತ್ಕೊಂಡಿದ್ದೀರಲ್ಲ, ಅದನ್ನ ವಾಪಸ್ ಕೊಡ್ಬೇಕು. ಕೊಡ್ತೀರಾ?" ಎಂದರು. ಕೊಡ್ತೀನಿ ಫಾದರ್ ಎಂದೆ. ಕ್ಷಮೆಯ ಮಂತ್ರ ಹೇಳಿದರು. ಮನೆಗೆ ಬಂದು ಜಪಸರ ಹೇಳಿ ಮುಗಿಸಿದೆ. ಹೆಸರು ಮಾತ್ರ ನನ್ನ ಹತ್ತಿರವೇ ಉಳಿಯಿತು. ನಮ್ಮ ಕೂಟದ ಪ್ರಕಾರ ಆ ಹೊಸ ಪೂಜೆಯ ಗುರುಗಳ ಸಂಸ್ಕಾರಗಳೇ ಸಂಶಯ. ನನಗೆ ಬೇಕಾದಾಗ ಮಾತ್ರ ಅದು ಖಚಿತವಾಯಿತು, ನೋಡಿ.

ದೊಡ್ಡ ಸ್ವಾಮಿಗಳು ತೀರಿಕೊಳ್ಳುವ ಮುಂಚಿನ ವಾರ ನನ್ನ ಕೈ ಹಿಡಿದು ಕೇಳಿದರು: "ಆ ಹುಡುಗನ ವಿಷಯದಲ್ಲಿ ನಾನು ಅನ್ಯಾಯ ಮಾಡ್ಲಿಲ್ಲ ಅಲ್ವಾ ಇನ್ನಾಸಪ್ಪ?" ಎಷ್ಟು ವರ್ಷದಿಂದ ಅದನ್ನು ಒಳಗೆ ಇಟ್ಟುಕೊಂಡಿದ್ದರೋ. ಇಲ್ಲ ಸ್ವಾಮಿ, ಮಲಗಿ ಎಂದೆ. ಅವರಿಗೂ ಸತ್ಯ ಸಿಗಲಿಲ್ಲ.

ಈಗ ಕೂಟಕ್ಕೆ ನಲವತ್ತು ತುಂಬುತ್ತಿದೆ. ಹಿರಿಯರಾಗಿರುವ ಅಂತೋಣಿ ಸ್ವಾಮಿಗಳು ಒಂದು ಪುಸ್ತಕ ತರಬೇಕೆಂದರು. ಕೂಟದ ಇತಿಹಾಸ ಬರೆಯಲು ನನಗೇ ಹೇಳಿದರು, ನನ್ನಷ್ಟು ಕಂಡವರು ಯಾರು ಎಂದು. ಬರೆದೆ. ಟ್ರಂಕು ಹಿಡಿದು ಬಂದ ದೊಡ್ಡ ಸ್ವಾಮಿಗಳು, ಸೋರುವ ಹಂಚು, ತೋಟದ ಬೆಲೆ ಏರಿದಾಗ ಬಂದ ದಲ್ಲಾಳಿಗಳು, ಎಲ್ಲ ಬರೆದೆ. ನಿಮ್ಮ ಸರದಿ ಬಂದಾಗ ನಿಮ್ಮನ್ನೂ ಒಂದು ಸಾಲಿನಲ್ಲಿ ಮುಗಿಸಿದೆ: "ಚೌರಪ್ಪ ಸ್ವಾಮಿಗಳು ಅಹಂಕಾರಜನ್ಯ ಸಂಶಯಕ್ಕೆ ತುತ್ತಾಗಿ ಕೂಟವನ್ನು ತೊರೆದರು." ಬರೆದಾಗ ಸಾಲು ಚೆನ್ನಾಗಿ ಬಂತು ಅನ್ನಿಸಿತು ಸ್ವಾಮಿ. ಗಟ್ಟಿಯಾಗಿ ಒಮ್ಮೆ ಓದಿಯೂ ನೋಡಿದೆ.

ದೊಡ್ಡಬಳ್ಳಾಪುರದ ಪ್ರೆಸ್ಸಿನವರು ಕರಡು ಅಚ್ಚು ಕಳಿಸಿದರು. ಅಚ್ಚಿನಲ್ಲಿ ಆ ಸಾಲನ್ನು ನೋಡಿದ ದಿನದಿಂದ ಊಟ ಸೇರಲಿಲ್ಲ. ನಾನು ಸತ್ತ ಮೇಲೂ ಅದು ಇರುತ್ತದೆ. ನಿಮ್ಮ ಅಣ್ಣನ ಮಕ್ಕಳು ಓದುತ್ತಾರೆ. ಕೂತಲ್ಲಿ ಕೂರಲಾಗದೆ, ನೀವು ನೆಲಮಂಗಲದಲ್ಲಿ ಯಾವುದೋ ಗೋದಾಮಿನಲ್ಲಿದ್ದೀರಿ ಎಂದು ಯಾರೋ ಹೇಳಿದ್ದನ್ನು ಹಿಡಿದುಕೊಂಡು, ಮೂರು ವಾರದ ಹಿಂದೆ ಬಂದೆ. ಹೇಳುವುದಕ್ಕೆಂದೇ ಬಂದೆ.

ಲಾರಿಗಳ ಸಾಲಿನ ನಡುವೆ ನೀಲಿ ಅಂಗಿ ಹಾಕಿ, ಕೊರಳಿಗೆ ಕಾರ್ಡು ನೇತುಹಾಕಿಕೊಂಡು ನೀವು ನಿಂತಿದ್ದಿರಿ. ಕೂದಲು ಪೂರ್ತಿ ಬೆಳ್ಳಗೆ. ನನ್ನನ್ನು ಕಂಡು ಓಡಿಬಂದಿರಿ. "ಅಯ್ಯೋ ಮೇಷ್ಟ್ರೇ, ಈ ಬಿಸ್ಲಲ್ಲಿ!" ಎಂದು ಕೈ ಹಿಡಿದು ಟೀ ಅಂಗಡಿಗೆ ಕರೆದುಕೊಂಡು ಹೋದಿರಿ, ಬನ್ನು ಕೊಡಿಸಿದಿರಿ. ಬರುವ ಪೆಟ್ಟಿಗೆಗಳನ್ನು ಪರೀಕ್ಷೆ ಮಾಡುವುದು ನಿಮ್ಮ ಕೆಲಸ — ಒಡೆದಿದ್ದರೆ, ಕಲೆಯಾಗಿದ್ದರೆ ವಾಪಸ್ ಕಳಿಸುವುದು. ನಗುತ್ತ ಹೇಳಿದಿರಿ: "ಆದ್ರೆ ಕಲೆ ಅಂತ ನಾನೊಬ್ನೇ ಬರೆಯಲ್ಲ. ಪಕ್ಕದೋನ್ನ ಕರೆದು ಇನ್ನೊಂದ್ಸಲ ನೋಡಿಸ್ತೀನಿ. ನನ್ ಕಣ್ ಮೇಲೆ ನಂಗೇ ನಂಬ್ಕೆ ಇಲ್ಲ ನೋಡಿ."

ಬನ್ನನ್ನು ತಟ್ಟೆಯಲ್ಲಿಟ್ಟೆ. ಲೂರ್ದಮ್ಮ ಹೇಗಿದ್ದಾರೆ ಎಂದು ಕೇಳಿದಿರಿ. ಇದ್ದಾರೆ, ಮಂಡಿನೋವು ಎಂದೆ. ಆಮೇಲೆ ನೀವು, ಬೇರೆ ಯಾರದೋ ವಿಷಯ ಹೇಳುವಂತೆ ಹೇಳಿದಿರಿ.

"ಆ ಮೂವತ್ತು ಪೂಜೆ ನಾನು ಮಾಡ್ದೆ ಮೇಷ್ಟ್ರೇ. ಅಲ್ಲಿಂದ ಬಂದ್ಮೇಲೆ, ಬಾಡಿಗೆ ರೂಮಲ್ಲಿ. ಗೆಳೆಯರೊಬ್ರು ದ್ರಾಕ್ಷಾರಸ ಕೊಟ್ಟಿದ್ರು. ಉತ್ತರ ಹೇಳೋಕೆ ಯಾರೂ ಇರ್ಲಿಲ್ಲ, ನಂಗೆ ನಾನೇ ಹೇಳ್ಕೊಂಡೆ. ಜೋಸೆಫನ ಹೆಸ್ರಲ್ಲಿ ಮೂವತ್ತೂ ಮುಗಿಸ್ದೆ."

ಉತ್ತರ ಹೇಳಬೇಕಾದವನು ನಾನು, ಸ್ವಾಮಿ. ಅದು ನನ್ನ ಕೆಲಸ. ಖಾಲಿ ರೂಮಿನಲ್ಲಿ ನೀವು ನನ್ನ ಪಾಲಿನ ಮಾತನ್ನೂ ನೀವೇ —

ಆಮೇಲೆ ನೀವು ಹೇಳಿದ್ದನ್ನು ಬರೆಯಲು ಮನಸ್ಸಾಗುವುದಿಲ್ಲ. ಆದರೂ ಬರೆಯುತ್ತೇನೆ.

"ಮುಗಿದ ಮಾರನೇ ದಿನ ಒಂದು ಯೋಚ್ನೆ ಬಂತು. ಮೇಷ್ಟ್ರು ಸುವಾರ್ತೆ ಮೇಲೆ ಕೈಯಿಟ್ಟು ಸುಳ್ಳು ಹೇಳೋರಾ? ನೀವು ಅಂಥೋರಲ್ಲ. ನಂಗೊತ್ತಿಲ್ವಾ ನಿಮ್ಮನ್ನ? ಹಂಗಾದ್ರೆ ನನ್ ಕಣ್ಣೇ ಸುಳ್ಳು. ಕಣ್ಣ ಮುಂದೆ ಇರೋದನ್ನ ನೋಡೋಕಾಗದೋನು ಪಾತ್ರೆ ಎತ್ತಬಾರದು ಅನ್ನಿಸ್ತು. ಅಲ್ಲಿಗೆ ಪೂಜೆ ಮಾಡೋದು ಬಿಟ್ಬಿಟ್ಟೆ."

ನೀವು ನಂಬಿದ್ದು ನನ್ನನ್ನು. ನಿಮ್ಮ ಕಣ್ಣಿಗಿಂತ ಹೆಚ್ಚಾಗಿ. ಲೂರ್ದಮ್ಮನ ಶಾಪ ಫಲಿಸಿದ್ದಲ್ಲ, ನನ್ನ ಆಣೆ ಫಲಿಸಿದ್ದು.

ಆಗಲೇ ಹೇಳಬೇಕಿತ್ತು. ಒಂದೇ ಮಾತು. ಬಾಯಿ ತೆರೆದೆ. ದೊಡ್ಡಬಳ್ಳಾಪುರದ ಬಸ್ಸು ಬಂತು. "ಬಸ್ ಬಂತು ಸ್ವಾಮಿ, ಇದು ಬಿಟ್ರೆ ಇನ್ನೊಂದಿಲ್ಲ" ಎಂದು ಓಡಿದೆ. ಅರ್ಧ ಗಂಟೆಗೊಂದು ಬಸ್ಸಿದೆ, ನಿಮಗೂ ಗೊತ್ತು. ಎಪ್ಪತ್ತನಾಲ್ಕು ವರ್ಷದ ಕಾಲು ಎಷ್ಟು ಜೋರಾಗಿ ಓಡಿತು ಎಂದರೆ ಕಂಡಕ್ಟರ್ ಹುಡುಗ "ನಿಧಾನ ತಾತ" ಎಂದ. ಕಿಟಕಿಯಿಂದ ನೋಡಿದರೆ ನೀವು ನನ್ನ ಅರ್ಧ ತಿಂದ ಬನ್ನು ಕೈಯಲ್ಲಿ ಹಿಡಿದು ನಿಂತಿದ್ದಿರಿ.

ಮೂರು ವಾರ ಹೇಗೆ ಕಳೆದೆನೋ ಗೊತ್ತಿಲ್ಲ. ಮೊನ್ನೆ ಕರಡಿನಲ್ಲಿ ಆ ಸಾಲನ್ನು ಹೊಡೆದುಹಾಕಿ ಬೇರೆ ಬರೆದೆ: "ಚೌರಪ್ಪ ಸ್ವಾಮಿಗಳು ಹೇಳಿದ್ದು ನಿಜ. ಇಪ್ಪತ್ತು ದಿನಕ್ಕೂ ಹೆಚ್ಚು ಕಾಲ ಈ ಕೂಟದಲ್ಲಿ ನಡೆದದ್ದು, ಕೂಟದ ನಿಯಮದಂತೆಯೇ, ಪೂಜೆಯಲ್ಲ. ಸುಳ್ಳು ಆಣೆಯಿಟ್ಟವನು ಇದನ್ನು ಬರೆಯುತ್ತಿರುವ ಇನ್ನಾಸಪ್ಪ." ಅಂತೋಣಿ ಸ್ವಾಮಿಗಳ ಕೈಗೆ ಕೊಟ್ಟೆ. ಎರಡು ಸಲ ಓದಿದರು. "ಬೀಗದ ಕೈ ಮೇಜಿನ ಮೇಲಿಟ್ಟು ಹೋಗಿ ಇನ್ನಾಸಪ್ಪ" ಎಂದರು. ಇಟ್ಟೆ. ಪುಸ್ತಕ ಬರುತ್ತದೋ ಇಲ್ಲವೋ ತಿಳಿಯದು. ಬರದಿದ್ದರೆ ಈ ಹಾಳೆಗಳಿವೆ, ಜೆರಾಕ್ಸ್ ಮಾಡಿಸಿ ಮನೆಮನೆಗೆ ಕೊಡುತ್ತೇನೆ.

ಇವತ್ತು ಬೆಳಿಗ್ಗೆ ಲೂರ್ದಮ್ಮನ ಮನೆಗೆ ಹೋದೆ. ಆ ವರ್ಷದ ಕ್ಯಾಲೆಂಡರು ಗೋಡೆಯ ಮೇಲೆ ಇನ್ನೂ ಇದೆ, ಮೂವತ್ತು ಶಿಲುಬೆಗಳೂ ಇವೆ. ಅದರ ಕೆಳಗೆ ಕೂತು ಎಲ್ಲ ಹೇಳಿದೆ — ಜಾಡಿ, ನೇರಳೆ, ಆಣೆ, ಬಾಡಿಗೆ ರೂಮಿನಲ್ಲಿ ನೀವು ಮಾಡಿದ ಮೂವತ್ತು, ನಾಳೆ ನಾನು ನಿಮ್ಮಲ್ಲಿಗೆ ಹೊರಟಿರುವುದು. ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಕ್ಯಾಲೆಂಡರಿನ ಒಂದು ಶಿಲುಬೆಯ ಮೇಲೆ ಬೆರಳಿಟ್ಟು ಕೇಳಿದಳು.

"ನನ್ ಮಗನ್ನ ದಡ ಮುಟ್ಟಿಸ್ದೋನು ಅವನೇನಾ?" 

"ಅವ್ರೇ ಅಕ್ಕ."

"ಅವನಿಗೆ ನಾನು ಏನಂದೆ ಗೊತ್ತಲ್ಲ ನಿಮ್ಗೆ?"

"ಗೊತ್ತು. ಅಲ್ಲೇ ಇದ್ದೆ."

"ನಾಳೆ ನನ್ನೂ ಕರ್ಕೊಂಡೋಗಿ ಮೇಷ್ಟ್ರೇ. ಆ ಮಾತು ವಾಪಸ್ ತಗೋಬೇಕು ನಾನು. ನಿಮ್ ಮೇಲಿನ ಕೋಪ ಇರ್ಲಿ, ಅದನ್ನ ಬಂದ್ಮೇಲೆ ನೋಡ್ಕೋತೀನಿ."

ಆ ಕೋಪಕ್ಕೆ ಕಾಯುತ್ತೇನೆ. ಅದು ನನಗೆ ಸಲ್ಲಬೇಕಾದ್ದು. ನೀವು ಮೂವತ್ತು ಪೂಜೆ ಮಾಡಿದಿರಿ ಎಂಬುದು ಜೋಸೆಫನಿಗೆ ಬಿಡುಗಡೆ, ಆ ತಾಯಿಗೆ ಸಮಾಧಾನ. ನನಗೆ ಅದರಲ್ಲಿ ಏನೂ ಇಲ್ಲ. ನೀವು ಕ್ಷಮಿಸುತ್ತೀರಿ ಎಂದೂ ಗೊತ್ತು, ಇಬ್ಬರಿಗೂ ಬೈತಾರೆ ಎಂದವರಲ್ಲವೇ ನೀವು. ಬೇಡ ಸ್ವಾಮಿ. ಕ್ಷಮೆ ಕೇಳಲು ಬರುತ್ತಿಲ್ಲ. ನಿಮ್ಮ ಕಣ್ಣು ನಿಮಗೆ ವಾಪಸ್ ಕೊಡಲು ಬರುತ್ತಿದ್ದೇನೆ. ಮತ್ತೆ ಪಾತ್ರೆ ಎತ್ತುತ್ತೀರೋ ಬಿಡುತ್ತೀರೋ ಅದು ನಿಮಗೆ ಬಿಟ್ಟದ್ದು. ಈ ಇಪ್ಪತ್ತೆರಡು ವರ್ಷವನ್ನು ಮಾತ್ರ ನಾನು ಎಲ್ಲಿಂದ ತಂದುಕೊಡಲಿ?

ಬಟ್ಟೆಯನ್ನು ಪೆಟ್ಟಿಗೆಯಿಂದ ತೆಗೆದು ಚೀಲದಲ್ಲಿ ಇಟ್ಟಿದ್ದೇನೆ. ಕಲೆ ಸ್ವಲ್ಪ ಕಂದಿದೆ, ಹೋಗಿಲ್ಲ. ಆ ಟೀ ಅಂಗಡಿಯ ಮೇಜಿನ ಮೇಲೆ ಬಿಡಿಸಿ ಇಡುತ್ತೇನೆ. ನೀವು ಪಕ್ಕದವನನ್ನು ಕರೆದು ಇನ್ನೊಂದು ಸಲ ನೋಡಿಸುವುದು ಬೇಡ. ನಾನೇ ಹೇಳುತ್ತೇನೆ, ಅವತ್ತು ನೀವು ಬೇಡಿಕೊಂಡಂತೆ, ಇನ್ನೊಂದು ಸಲ. ಹೇಳಿ ಅಲ್ಲೇ ಕೂತಿರುತ್ತೇನೆ. ಈ ಕಾಗದಗಳನ್ನೂ ನನ್ನ ಎದುರಿಗೇ ಓದಿ. ಓದಿ ಮುಗಿಯುವ ತನಕ ದೊಡ್ಡಬಳ್ಳಾಪುರದ ಬಸ್ಸು ಎಷ್ಟು ಬಂದು ಹೋದರೂ ನಾನು ಏಳುವುದಿಲ್ಲ.